ಹುಣ್ಣಿಮೆಗೆ ಸಿನಿಮಾ

ಹುಣ್ಣಿಮೆ ರಾತ್ರಿಯೇ ಇಡಿ ಟೀಚರೇ,
ಎಂದಳು ಸುಮತಿ ಕುಂದರ್, ಪೋಷಕರ ಸಭೆಯಲ್ಲಿ ಎದ್ದು ನಿಂತು.
ಸಿನಿಮಾಕ್ಕೆ ಕತ್ತಲು ಬೇಕಲ್ಲ ಮಾರಾಯ್ತಿ, ಎಂದೆ.
ಕತ್ತಲಿದ್ದರೆ ಗಂಡಸರು ಇರುವುದಿಲ್ಲ, ಎಂದಳು.
ಅಲ್ಲಿಗೆ ಚರ್ಚೆ ಮುಗಿಯಿತು.

ಕೋಡಿಬೆಂಗ್ರೆಗೆ ನಾನು ಬಂದು ಮೂರು ವರ್ಷ.
ಆ ಕಡೆ ಹೊಳೆ, ಈ ಕಡೆ ಕಡಲು,
ನಡುವೆ ಒಂದೇ ರಸ್ತೆ, ರಸ್ತೆಗೊಂದು ಶಾಲೆ.
ತಂದೆಯ ಸಹಿ ಎಂದು ಅಚ್ಚಾದ ಗೆರೆಯ ಮೇಲೆ
ತಾಯಂದಿರ ಅಕ್ಷರವನ್ನೇ ಕಂಡಿದ್ದೇನೆ.
ನೀರಿನಲ್ಲಿ ಮೀನಿನ ಹಿಂಡು ಮಿನುಗುವುದು
ಅಮಾವಾಸ್ಯೆಯ ಆಸುಪಾಸಿಗೆ ಎಂದು
ಲೆಕ್ಕದ ಟೀಚರಿಗೆ ಯಾರೂ ಹೇಳಿರಲಿಲ್ಲ.
ತಿಂಗಳ ಬೆಳಕಿಗೆ ಬಲೆ ಸುಮ್ಮನಿರುತ್ತದಂತೆ,
ದೋಣಿ ದಕ್ಕೆಯಲ್ಲಿ, ಗಂಡಸರು ಜಗಲಿಯಲ್ಲಿ.

ಕೆಲಸ ಹಂಚಿದೆವು.
ಪ್ರೊಜೆಕ್ಟರು ಮದುವೆ ವಿಡಿಯೋದ ಗಿಲ್ಬರ್ಟನದ್ದು,
ಬಾಡಿಗೆ ಬೇಡ, ಜನರೇಟರಿಗೆ ಡೀಸೆಲ್ ಹಾಕಿ ಸಾಕು ಎಂದ.
ಕುರ್ಚಿ ಭಜನಾ ಮಂದಿರದ್ದು, ನೂರ ಹತ್ತು,
ಎಣಿಸಿ ತಂದದ್ದು, ಎಣಿಸಿ ಕೊಡಬೇಕಾದ್ದು.
ಚರುಮುರಿ ಏಳನೇ ತರಗತಿಯದ್ದು.
ನೀರುಳ್ಳಿ ಹೆಚ್ಚುವವರು ಯಾರೆಂದು ಜಗಳವಾಗಿ
ಕೊನೆಗೆ ಹೆಡ್‌ಮಾಸ್ಟರು ವಾಮನ ಸರ್ ಹೆಚ್ಚಿದರು,
ಹಳೆಯ ಸುತ್ತೋಲೆಗಳ ಮೇಲೆ, ಕಣ್ಣೊರೆಸಿಕೊಳ್ಳುತ್ತ.

ಯಾವ ಸಿನಿಮಾ ಎಂಬುದಕ್ಕೇ ಎರಡು ಸಭೆ.
ಹೊಡೆದಾಟ ಬೇಡ, ದೆವ್ವ ಬೇಡ ಎಂದರು ದೊಡ್ಡವರು,
ಬುದ್ಧಿಮಾತು ಬೇಡವೇ ಬೇಡ ಎಂದವು ಮಕ್ಕಳು.
ಉಳಿದದ್ದು ಒಂದು: ಹುಡುಗನೊಬ್ಬ
ಕಳೆದುಹೋದ ಕತ್ತೆಯನ್ನು ಹುಡುಕುವುದು.
ನಮ್ಮ ಮಕ್ಕಳು ಯಾರೂ ಕತ್ತೆ ಕಂಡಿರಲಿಲ್ಲ,
ಒಳ್ಳೆಯದೇ ಆಯಿತು.

ಏಳಕ್ಕೆ ಬಂದರು.
ಗಂಡಸರು ಮೊದಲು ಗೇಟಿನ ಹೊರಗೇ ನಿಂತರು
ಇಸ್ತ್ರಿ ಮುರಿಯದ ಶರ್ಟಿನಲ್ಲಿ,
ತಡವಾಗಿ ಬಂದ ಹುಡುಗರ ಹಾಗೆ.
ಮಕ್ಕಳು ಕೈಹಿಡಿದು ಒಳಗೆಳೆದವು.

ಅಷ್ಟರಲ್ಲಿ ಹೊಳೆಯಾಚೆಯ ತೆಂಗು ದಾಟಿ ಚಂದ್ರನೂ ಬಂದ.
ಬಿಳಿ ಬಟ್ಟೆಯ ಮೇಲೆ ಗಿಲ್ಬರ್ಟ್ ಚೆಲ್ಲಿದ್ದೆಲ್ಲ
ನೀರು ಬೆರೆಸಿದ ಹಾಲು.
ಹುಡುಗ ಇಲ್ಲ, ಕತ್ತೆ ಇಲ್ಲ,
ಕತ್ತೆಯ ಕೂಗು ಮಾತ್ರ ಸ್ಪಷ್ಟ.
ನಾನು ಕೈಯಲ್ಲಿದ್ದ ಟಿಕೆಟು ಪುಸ್ತಕವನ್ನು
ಮತ್ತೊಮ್ಮೆ ಎಣಿಸತೊಡಗಿದೆ.

ಹಿಂದಿನ ಸಾಲಿನಿಂದ ಒಬ್ಬರು ಎದ್ದು ಹೋದರು,
ಐದನೆಯ ದಿಶಾಳ ಅಪ್ಪ, ಲೀಲಾಧರ ಮೆಂಡನ್.
ಸಿಟ್ಟಾಯಿತೇನೋ ಅಂದುಕೊಂಡೆ.
ಮರಳಿದರು, ಜೊತೆಗೆ ಆರು ಜನ,
ಹೆಗಲ ಮೇಲೆ ದೋಣಿಯ ನೀಲಿ ಟರ್ಪಾಲು.
ಯಾರೂ ಯಾರಿಗೂ ಹೀಗೆ ಮಾಡು ಎನ್ನಲಿಲ್ಲ.
ಒಬ್ಬ ಧ್ವಜಸ್ತಂಭಕ್ಕೆ, ಒಬ್ಬ ತೆಂಗಿಗೆ,
ಒಬ್ಬ ಐದನೇ ತರಗತಿಯ ಕಿಟಕಿ ಸರಳಿಗೆ
ಮಾತಾಡುತ್ತಲೇ, ಬೇರೆಲ್ಲೋ ನೋಡುತ್ತಲೇ
ಹಗ್ಗ ಬಿಗಿದು, ಪರದೆಗೊಂದು ಮಾಡು ಕಟ್ಟಿದರು.
ಮಾಡಿನಡಿಗೆ ಕತ್ತಲು ಬಂದು ಕೂತಿತು.
ಕತ್ತಲಲ್ಲಿ, ಅಗೋ, ಕತ್ತೆ!
ಇನ್ನೂರು ಮಕ್ಕಳು ಹೋ ಎಂದದ್ದು
ಹೊಳೆಯಾಚೆ ಹಂಗಾರಕಟ್ಟೆಗೂ ಕೇಳಿತಂತೆ.

ಕಡಲ ಗಾಳಿಗೆ ಬಟ್ಟೆ ಉಬ್ಬಿ
ಹುಡುಗನ ಕೆನ್ನೆ ಹಲಸಿನಷ್ಟಾದಾಗಲೆಲ್ಲ ನಗು.
ಝೊಹರಾಳ ಅಜ್ಜಿ ಪರದೆಯ ಹಿಂದೆ ಚಾಪೆ ಹಾಸಿ
ಅಲ್ಲಿ ಗಾಳಿ ಚೆನ್ನಾಗುಂಟು ಎಂದು ಕೂತವರು
ಎಲ್ಲರನ್ನೂ ಎಡಗೈಯವರನ್ನಾಗಿ ನೋಡಿದರು.

ಮಧ್ಯಂತರದಲ್ಲಿ ಲೀಲಾಧರ ಹತ್ತಿರ ಬಂದು,
ನಮ್ಮ ದಿಶಾ ಕೂರುವುದು ಎಲ್ಲಿ? ಎಂದರು.
ಬೀಗ ತೆಗೆದೆ. ಎರಡನೇ ಸಾಲು, ಗೋಡೆ ಬದಿ.
ಲೈಟು ಹಾಕುವ ಮೊದಲೇ ಅವರು
ಮಂಡಿ ಮಡಚಿ, ಸಣ್ಣ ಬೆಂಚಿನೊಳಗೆ ಹೇಗೋ ತೂರಿಕೊಂಡು
ಕರಿಹಲಗೆ ನೋಡುತ್ತ ಕೂತಿದ್ದರು.
ನಿನ್ನೆಯ ಭಿನ್ನರಾಶಿ ಅಲ್ಲೇ ಇತ್ತು.
ಬಹಳ ಹೊತ್ತಿನ ಮೇಲೆ ಅಂದರು:
ಇಲ್ಲಿಂದ ಆ ಮೂಲೆ ಹೊಳೆಯುತ್ತದೆ ಟೀಚರೇ,
ಬರೆದದ್ದು ಕಾಣುವುದಿಲ್ಲ.

ನಾನೂ ಪಕ್ಕದಲ್ಲಿ ಕೂತು ನೋಡಿದೆ.
ಮೂರು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕೂತಿರಲಿಲ್ಲ.
ನನ್ನ ಮನೆಲೆಕ್ಕಗಳೆಲ್ಲ ಆ ಮೂಲೆಯಲ್ಲೇ ಇರುತ್ತಿದ್ದವು.

ಉಳಿದರ್ಧ ಸಿನಿಮಾ ನಾನು ನೋಡಲಿಲ್ಲ.
ಕತ್ತೆ ಸಿಕ್ಕಿತಂತೆ.

ಸೋಮವಾರದ ಲೆಕ್ಕ: ಚರುಮುರಿಯಲ್ಲಿ ಉಳಿಕೆ ಮುನ್ನೂರ ನಲವತ್ತು.
ಒಂಟಿ ಚಪ್ಪಲಿ, ಎಡಗಾಲಿನದು, ಒಂದು.
ದಿಶಾಳ ಬೆಂಚನ್ನು ಎರಡು ಮೊಳ ಈಚೆಗೆ ಎಳೆದೆವು.
ಕಿಟಕಿ ಸರಳಿನಲ್ಲೊಂದು ಗಂಟು ಉಳಿದಿದೆ,
ವಾಮನ ಸರ್ ಎರಡು ಸಲ ಪ್ರಯತ್ನಿಸಿ ಬಿಟ್ಟರು.
ಕುರ್ಚಿ ಎಣಿಸಿದರೆ ನೂರ ಹನ್ನೊಂದು.
ಹೆಚ್ಚಿನದು ಯಾರದೆಂದು
ಇನ್ನೂ ಯಾರೂ ಕೇಳಿಕೊಂಡು ಬಂದಿಲ್ಲ.